ಒಂದು ಎಲೆಕ್ಟ್ರಾನ್‌ನ ಸದ್ದು ನಮಗೂ ಕೇಳಲಿ

ನಮ್ಮೂರು ಮೊಳಕಾಲ್ಮೂರು. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗವಿದೆ. ಅಪ್ಪ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಲೇ, 'ಪಕ್ಕದ ಮನೇಲಿ ಎಳೆ ಕಡೀತು ನೋಡಮ್ಮ' ಎನ್ನುತ್ತಾರೆ. ಆ ಮಗ್ಗವನ್ನು ಅವರು ನೋಡಿರುವುದಿಲ್ಲ, ಮುಟ್ಟಿರುವುದಿಲ್ಲ. ಲಾಳಿಯ ಸದ್ದಿನ ಲಯ ತಪ್ಪಿದ್ದು ಕಿವಿಗೆ ಬಿದ್ದರೆ ಸಾಕು.

ಬಿ.ಇ. ತರಗತಿಯಲ್ಲಿ ಕ್ವಾಂಟಮ್ ಡಾಟ್ ಪಾಠ ಬಂದಾಗ ನನಗೆ ಅಪ್ಪನೇ ನೆನಪಾದರು. ಡಾಟ್ ಎಂದರೆ ತಲೆಗೂದಲಿನ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ಪುಟ್ಟ ಜಾಗ. ಒಳಗೆ ಒಂದು ಎಲೆಕ್ಟ್ರಾನ್ ಕೂತಿದ್ದರೆ ಅದರ ವಿಕರ್ಷಣೆಯಿಂದಾಗಿ ಮುಂದಿನದು ಸುಲಭವಾಗಿ ಬರಲಾರದು. ಗೇಟ್ ವೋಲ್ಟೇಜನ್ನು ಹದವಾಗಿ ಹೊಂದಿಸಿದರೆ ಲಾಳಿಯ ಹಾಗೆ ಒಂದೊಂದೇ ಎಲೆಕ್ಟ್ರಾನ್ ಒಳಬಂದು ಹೊರಹೋಗುತ್ತದೆ. ಇದಕ್ಕೆ ನಿರಪೇಕ್ಷ ಶೂನ್ಯದ, ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ನ, ಹತ್ತಿರದ ಚಳಿ ಬೇಕು. ಇಲ್ಲದಿದ್ದರೆ ಶಾಖದ ಗದ್ದಲದಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ.

ಒಳಗೆ ಎಷ್ಟು ಎಲೆಕ್ಟ್ರಾನ್ ಇವೆ ಎಂದು ತಿಳಿಯಲು ಡಾಟನ್ನು ಮುಟ್ಟಬೇಕಿಲ್ಲ. ಪಕ್ಕದಲ್ಲೇ ಒಂದು ಕಿರಿದಾದ ದಾರಿಯಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಡಾಟ್‌ಗೆ ಒಂದು ಎಲೆಕ್ಟ್ರಾನ್ ಬಂದ ಕೂಡಲೇ ಆ ಹರಿವು ಒಂದು ಮೆಟ್ಟಿಲು ಇಳಿಯುತ್ತದೆ. ಅದು ಹೊರಟರೆ ಮತ್ತೆ ಏರುತ್ತದೆ. ಸಿಲಿಕಾನ್ ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್ ಓದುವುದೂ ಇದೇ ಉಪಾಯದಿಂದ. ಆದರೆ ನಮಗೆ ಸಿಕ್ಕಿದ್ದು, 'ಐದು ಅಂಕಕ್ಕೆ ಬರಬಹುದು, ಬರ್ಕೊಳ್ಳಿ' ಎಂಬ ಮಾತಷ್ಟೆ.

ನಮ್ಮೂರಿಂದ ಚಳ್ಳಕೆರೆ ತಾಲ್ಲೂಕಿನ ಕುದಾಪುರ ದೂರವೇನಲ್ಲ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆಯ ಕ್ಯಾಂಪಸ್ ಇದೆ. ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ನೆಲ ಅದು. ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತಿರುವುದು ಒಳ್ಳೆಯ ಕೆಲಸ. ಇತ್ತ 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿಗೂ ಹೆಚ್ಚು ಹಣಕ್ಕೆ ಒಪ್ಪಿಗೆ ಕೊಟ್ಟಿದೆ. ಕಾವಲು ಬಿಟ್ಟುಕೊಟ್ಟವರ ಮಕ್ಕಳಿಗೆ ಇದರಲ್ಲಿ ಪಾಲು ಬೇಡವೇ?

ಪ್ರಯೋಗಾಲಯವೇನು ಜಾತ್ರೆಯೇ, ಎಲ್ಲರೂ ನುಗ್ಗಲು ಎಂದು ಕೆಲವರು ಕೇಳಬಹುದು. ನಿಜ, ಕ್ಲೀನ್‌ರೂಮಿಗೆ ನಮ್ಮ ಕಾಲಿನ ಧೂಳು ಸಲ್ಲದು. ಆದರೆ ಅಳತೆಯ ಗ್ರಾಫ್‌ಗೆ ಧೂಳಿನ ಭಯವಿಲ್ಲವಲ್ಲ! ದೇಶದ ಯಾವುದೇ ಪ್ರಯೋಗಾಲಯದಲ್ಲಿ ನಡೆಯುವ ಅಳತೆಯನ್ನು ತಿಂಗಳಿಗೊಂದು ಶನಿವಾರ ಕುದಾಪುರದ ಪರದೆಯ ಮೇಲೆ ತೋರಿಸಲಿ. ಸುತ್ತಲಿನ ಕಾಲೇಜುಗಳ ನಾವು ಕೂತು ಮೆಟ್ಟಿಲುಗಳನ್ನು ಎಣಿಸುತ್ತೇವೆ. ಯಾವುದು ಎಲೆಕ್ಟ್ರಾನ್, ಯಾವುದು ಬರೀ ಗದ್ದಲ ಎಂದು ತಪ್ಪು ಮಾಡುತ್ತಲೇ ಕಲಿಯುತ್ತೇವೆ. ಅದಕ್ಕೆ ಕೋಟಿ ಬೇಕಿಲ್ಲ, ಮನಸ್ಸಿದ್ದರೆ ಸಾಕು.

ತಪ್ಪು ನಮ್ಮದೂ ಇದೆ. ಗೇಟಿನ ಮುಂದೆ ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋದರೂ ನಾನು ಒಮ್ಮೆಯೂ ಒಂದು ಪತ್ರ ಬರೆದು ಕೇಳಿಲ್ಲ. ಈ ವಾರ ಬರೆಯುತ್ತಿದ್ದೇನೆ, ನೀವೂ ಬರೆಯಿರಿ. ಒಪ್ಪಿದರೆ ಮೊದಲ ಶನಿವಾರ ಅಪ್ಪನನ್ನೂ ಕರೆದೊಯ್ಯುವೆ. ಲಯ ತಪ್ಪಿದ್ದನ್ನು ನಮಗಿಂತ ಮೊದಲು ಹಿಡಿಯುವವರು ಬಹುಶಃ ಅವರೇ.