ವಿಷಯಪಟ್ಟಿ ಬರೆಯುವವರು ಯಾರು?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಮೆಕ್ಕೆಜೋಳ ಬೆಳೆಯದ ಊರು ಎಷ್ಟಿವೆ ಹೇಳಿ? 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಸಾರಿತು. 2025ರ ನವೆಂಬರಿನಲ್ಲಿ ಮಾಲು ಪೇಟೆಗೆ ಬಂದಾಗ ಧಾರಣೆ ಅದಕ್ಕಿಂತ ಎಷ್ಟೋ ಕೆಳಗಿತ್ತು. ಬೀಜ, ಗೊಬ್ಬರ, ಆಳು, ಬಾಡಿಗೆ, ಹಮಾಲಿ ಕಳೆದು ನೋಡಿದರೆ ಸೊಸೈಟಿ ಸಾಲದ ಕಂತಿಗೂ ಸಾಲದು. ಮಂಡಿಯವರು ಕೊಟ್ಟ ಪಟ್ಟಿಯನ್ನು ಜೇಬಿಗಿಟ್ಟುಕೊಂಡು, 'ಹಣೆಬರಹ ಬಿಡಪ್ಪಾ' ಅಂತ ಬಸ್ಸು ಹತ್ತಿದೆವು.

ಹಣೆಬರಹ ಅಲ್ಲ ಸ್ವಾಮಿ, ಇದು ಹಕ್ಕಿನ ಪ್ರಶ್ನೆ. 2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆಯ ಮಹಾಸಭೆ ರೈತರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 121 ಮತ, ವಿರುದ್ಧ 8, ತಟಸ್ಥ 54. ರೈತನೂ ಅವನ ಕುಟುಂಬವೂ ಮಾನದಿಂದ ಬಾಳುವಂಥ ಬೆಲೆಗೆ ಮಾಲು ಮಾರಲು ಸರ್ಕಾರಗಳು ಪೇಟೆಯನ್ನು ಬಲಪಡಿಸಬೇಕೆಂದು ಅದರ 16ನೇ ವಿಧಿ ಹೇಳುತ್ತದೆ. ಭಾರತ ಪರವಾಗಿ ಕೈ ಎತ್ತಿತು. ಎತ್ತಿದ ಕೈ ಊರಿಗೆ ಬಂದು ಏನು ಮಾಡಿತು ಎಂದು ಕೇಳುವವರು ಯಾರು?

ಕೇಳಬೇಕಾದದ್ದು ಸಂಸತ್ತು. ಕೆನಡಾ ದೇಶದ ಪಾರ್ಲಿಮೆಂಟಿನಲ್ಲಿ ಅಂತರರಾಷ್ಟ್ರೀಯ ಮಾನವ ಹಕ್ಕುಗಳಿಗೆಂದೇ ಒಂದು ಉಪಸಮಿತಿ ಇದೆ. ಯಾವ ದೇಶದ ಯಾವ ಅನ್ಯಾಯವನ್ನು ಎತ್ತಿಕೊಳ್ಳಬೇಕು, ಯಾರನ್ನು ಸಾಕ್ಷಿಗೆ ಕರೆಯಬೇಕು ಎಂದು ಅದು ಮೊದಲೇ ಯೋಜನೆ ಹಾಕಿ ಅಧ್ಯಯನ ನಡೆಸುತ್ತದೆ. ಆದರೆ ಇದೇ ಕೆನಡಾ ರೈತರ ಘೋಷಣೆಗೆ ಮತ ಹಾಕದೆ ತಟಸ್ಥವಾಗಿ ಉಳಿಯಿತು! ಅವರಲ್ಲಿ ಸಮಿತಿ ಇದೆ, ಮತ ಇಲ್ಲ. ನಮ್ಮಲ್ಲಿ ಮತ ಇದೆ, ಅಂಥ ಸಮಿತಿ ಇಲ್ಲ.

ಹಾಗಂತ ನಮಗೆ ದಾರಿಯೇ ಇಲ್ಲವೆಂದಲ್ಲ. 1993ರಿಂದ ಸಂಸತ್ತಿನಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಕೃಷಿಗೂ ಒಂದಿದೆ. ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು, ಒಂದು ವರ್ಷದ ಅವಧಿ. ವರ್ಷದ ಆರಂಭದಲ್ಲೇ ಕುಳಿತು ಯಾವ ವಿಷಯ ಪರಿಶೀಲಿಸಬೇಕೆಂದು ಪಟ್ಟಿ ಮಾಡುತ್ತಾರೆ. ಇಲಾಖೆಯಿಂದ ಟಿಪ್ಪಣಿ ತರಿಸುತ್ತಾರೆ, ಅಧಿಕಾರಿಗಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ, ಕೆಲವು ವಿಷಯಗಳಿಗೆ ಸಾರ್ವಜನಿಕರಿಂದ ಮನವಿ ಕರೆಯುತ್ತಾರೆ. ಆಮೇಲೆ ವರದಿ. ಪಟ್ಟಿಯಲ್ಲಿ ಸೇರದ ವಿಷಯ ವರದಿಗೆ ಬರುವುದು ಎಲ್ಲಿಂದ?

ವರದಿಗೆ ಸರ್ಕಾರ ಕಟ್ಟುಬೀಳಬೇಕಿಲ್ಲ, ನಿಜ. 2024ರ ಡಿಸೆಂಬರಿನಲ್ಲಿ ಇದೇ ಕೃಷಿ ಸಮಿತಿ ಬೆಂಬಲ ಬೆಲೆಗೆ ಕಾನೂನಿನ ಬಲ ಬೇಕು, ಸಾಲಮನ್ನಾ ಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಕಾನೂನಾಗಲಿಲ್ಲ. ಆದರೆ ಏನು ಕ್ರಮ ಕೈಗೊಂಡೆವೆಂದು ಇಲಾಖೆ ಬರವಣಿಗೆಯಲ್ಲಿ ಉತ್ತರ ಕೊಡಲೇಬೇಕು. ಬೀದಿಯಲ್ಲಿ ಕೂಗಿದ್ದಕ್ಕೆ ಉತ್ತರ ಬರೆಯದ ಇಲಾಖೆ ಇಲ್ಲಿ ಬರೆಯಬೇಕಾಗುತ್ತದೆ. ಅದನ್ನು ಹಿಡಿದು ಮತ್ತೆ ಬೀದಿಗಿಳಿಯಬಹುದಲ್ಲವೇ?

ತಪ್ಪು ನಮ್ಮದೂ ಇದೆ. 2019ರಿಂದ 2024ರವರೆಗೆ ಆ ಸಮಿತಿಯ ಅಧ್ಯಕ್ಷರಾಗಿದ್ದವರು ಬಾಗಲಕೋಟೆಯ ಸಂಸದ ಪಿ.ಸಿ. ಗದ್ದಿಗೌಡರ, ನಮ್ಮ ನಾಡಿನವರೇ. ಆ ಐದು ವರ್ಷಗಳಲ್ಲಿ ನಮ್ಮ ಪೈಕಿ ಎಷ್ಟು ಜನ ಒಂದು ಕಾಗದ ಬರೆದೆವು? ಮನವಿಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕಳಿಸಿ ಅನ್ನುತ್ತಾರೆ. ಕನ್ನಡದ ರೈತ ಕನ್ನಡದಲ್ಲೇ ಗೋಳು ಹೇಳಿಕೊಳ್ಳಲು ಅವಕಾಶ ಬೇಕೆಂಬುದೂ ನಮ್ಮ ಬೇಡಿಕೆಯಾಗಲಿ. ಅಲ್ಲಿಯವರೆಗೆ ಕಾಲೇಜು ಓದುವ ನಿಮ್ಮ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಬರೆಸಿ.

ಏನು ಬರೆಸಬೇಕು? ಭಾಷಣ ಬೇಡ. ಎಕರೆಗೆ ತಗುಲಿದ ಖರ್ಚು, ಬಂದ ಇಳುವರಿ, ಮಾರಿದ ದಿನ, ಸಿಕ್ಕ ಧಾರಣೆ, ಉಳಿದ ಸಾಲ. ಜೊತೆಗೆ ಮಂಡಿ ಪಟ್ಟಿಯ ನಕಲು. ಊರಿಗೆ ಹತ್ತು ಮನೆಯ ಲೆಕ್ಕ ಸೇರಿದರೆ ಯಾವ ಅಧಿಕಾರಿಯೂ ತಳ್ಳಿಹಾಕಲಾರದ ಸಾಕ್ಷಿಯಾಗುತ್ತದೆ. ನಮ್ಮ ನಾಲ್ಕೂ ತಾಲ್ಲೂಕು ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೇ ಸೇರಿವೆ. ಆ ಕಟ್ಟನ್ನು ಸಂಸದರ ಕೈಗಿಟ್ಟು, '2018ರ ಘೋಷಣೆಯ ಬೆಲೆಯ ಹಕ್ಕು ನಮ್ಮಲ್ಲಿ ಏನಾಯಿತು ಎಂಬುದನ್ನು ಸಮಿತಿಯ ವಿಷಯಪಟ್ಟಿಗೆ ಸೇರಿಸಿ' ಎಂದು ಕೇಳಿ. ಇನ್ನೊಂದು ಪ್ರತಿಯನ್ನು ನೇರವಾಗಿ ಸಮಿತಿಗೆ ಕಳಿಸಿ.

ಅಳುವ ಕೂಸಿಗೇ ಹಾಲು ಅನ್ನುತ್ತಾರೆ. ನಾವು ಅಳುವುದು ಬೇಡ, ಲೆಕ್ಕ ಕೇಳೋಣ. ಬೆಲೆ ಭಿಕ್ಷೆಯಲ್ಲ, ನಮ್ಮ ಹಕ್ಕು.