ಪಿಎಸ್‌ಎ ಇಳಿದರೆ ಹಬ್ಬ ಮಾಡಬೇಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸಕ್ಕಿರೋ ಗೆಳೆಯರೇ, ನಿಮ್ಮ ಜೊತೆ ಸ್ವಲ್ಪ ಜಗಳ ಇದೆ. ಊರಲ್ಲಿರೋ ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಹಾರ್ಮೋನ್ ಇಂಜೆಕ್ಷನ್ ಶುರುವಾಗಿ ಮೂರು ತಿಂಗಳಿಗೆ ವಾಟ್ಸಾಪಿನಲ್ಲಿ ರಿಪೋರ್ಟ್ ಬರುತ್ತೆ. ನೂರರ ಮೇಲಿದ್ದ ಪಿಎಸ್‌ಎ ಒಂದರ ಕೆಳಗೆ! ಫ್ಯಾಮಿಲಿ ಗ್ರೂಪಿನಲ್ಲಿ ಸಾಲುಸಾಲು ಕೈಮುಗಿದ ಎಮೋಜಿ. "ಆರಾಮಾಗ್ಯಾರಲ್ಲ, ಇನ್ಯಾಕ ಸೂಜಿ?" ಅಂತ ಕಾಕಾ ಕೇಳ್ತಾರೆ. "ಹೌದಲ್ಲ" ಅಂತೀರಿ ನೀವು. ನನಗೆ ಸಿಟ್ಟು ಬರೋದು ಆ "ಹೌದಲ್ಲ"ಕ್ಕೆ.

ಆ ನಂಬರ್ ಇಳಿದದ್ದು ಹೇಗೆ ಅಂತ ಕೇಳಿದ್ದೀರಾ? ಗಂಡು ಹಾರ್ಮೋನು ಪ್ರಾಸ್ಟೇಟ್ ಜೀವಕೋಶದೊಳಗಿನ ಆಂಡ್ರೋಜನ್ ರಿಸೆಪ್ಟರ್‌ಗೆ ಅಂಟಿಕೊಂಡಾಗ, ಆ ರಿಸೆಪ್ಟರ್ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತೆ. ಪಿಎಸ್‌ಎ ತಯಾರಿಸುವ ಕೆಎಲ್‌ಕೆ3 ಅವುಗಳಲ್ಲೊಂದು. ಇಂಜೆಕ್ಷನ್ ಹಾರ್ಮೋನನ್ನೇ ತಡೆಯುತ್ತೆ. ಬೈಕಾಲುಟಮೈಡ್, ಎಂಜಾಲುಟಮೈಡ್ ಮಾತ್ರೆಗಳು ರಿಸೆಪ್ಟರ್‌ನ ಕಟ್ಟಿಹಾಕುತ್ತವೆ. ಒಂದಷ್ಟು ಕೋಶಗಳು ಸಾಯುತ್ತವೆ. ಉಳಿದವುಗಳಲ್ಲಿ ಜೀನ್ ಸುಮ್ಮನಾಗುತ್ತೆ, ಅಷ್ಟೇ. ಅಳಿಸಿಹೋಗಲ್ಲ. ಸೂಜಿ ಬಿಟ್ಟು ಹಾರ್ಮೋನು ಮರಳಿದರೆ ಮತ್ತೆ ಚಾಲೂ. ಕೆಲವರಿಗೆ ಡಾಕ್ಟರೇ ಬಿಡುವು ಕೊಡ್ತಾರೆ, ನಿಜ. ಅದು ಲೆಕ್ಕ ಹಾಕಿ ಕೊಟ್ಟ ಬಿಡುವು, ಕಾಕಾ ಕೊಟ್ಟಿದ್ದಲ್ಲ.

ಔಷಧ ತಪ್ಪದೇ ತಗೊಂಡರೂ ಕ್ಯಾನ್ಸರ್ ಸುಮ್ಮನೆ ಕೂರಲ್ಲ. ಕೆಲವು ಕೋಶಗಳು ರಿಸೆಪ್ಟರ್ ಜೀನಿನ ಪ್ರತಿಗಳನ್ನೇ ಹೆಚ್ಚಿಸಿಕೊಂಡು ಚೂರುಪಾರು ಹಾರ್ಮೋನಿನಲ್ಲೇ ಬದುಕುತ್ತವೆ. ಕೆಲವು ಎಆರ್-ವಿ7 ಎಂಬ ಮೊಟಕು ರಿಸೆಪ್ಟರ್ ತಯಾರಿಸುತ್ತವೆ. ಮಾತ್ರೆ ಹೋಗಿ ಕೂರುವ ಜಾಗವೇ ಅದರಲ್ಲಿಲ್ಲ. ಇನ್ನು ಕೆಲವು ಪಿಎಸ್‌ಎ ಮಾಡೋದನ್ನೇ ಬಿಟ್ಟು ಬೆಳೆಯುತ್ತವೆ. ರಿಪೋರ್ಟ್ ಚೆಂದ, ಬೆನ್ನುಮೂಳೆಯಲ್ಲಿ ನೋವು. "ನಾರ್ಮಲ್" ಅಂತ ಬರೆದಿದ್ದ ಕಾಗದ ನೋಡಿ ಆ ನೋವನ್ನ ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ.

ದುಡ್ಡು, ಓಡಾಟ ಕಷ್ಟ ಅಂತೀರಾ? ಒಪ್ಪುತ್ತೇನೆ. ಆದರೆ ವೃಷಣ ತೆಗೆಯುವುದರಿಂದ ಈ ಕ್ಯಾನ್ಸರ್ ಕುಗ್ಗುತ್ತೆ ಅಂತ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಒಂದೇ ಸಲದ, ಕಡಿಮೆ ಖರ್ಚಿನ ಆ ಆಪರೇಷನ್ ಇವತ್ತಿಗೂ ಸರಿಯಾದ ಚಿಕಿತ್ಸೆಯೇ. ಮನೆಯಲ್ಲಿ ಅದರ ಮಾತೇ ಎತ್ತದಿರೋಕೆ ಕಾರಣ ದುಡ್ಡಲ್ಲ, ಗಂಡಸ್ತನದ ನಾಚಿಕೆ.

ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಒಂದು ದಿನ ರಜೆ ಹಾಕಿ ಅಪ್ಪನ ಜೊತೆ ಹೋಗಿ. ಪಿಎಸ್‌ಎ ಎಷ್ಟು ಅಂತ ಮಾತ್ರ ಕೇಳಬೇಡಿ. ಟೆಸ್ಟೋಸ್ಟಿರೋನ್ ಎಷ್ಟಿದೆ, ಮೂಳೆ ಹೇಗಿದೆ, ಮುಂದಿನ ಸೂಜಿ ಯಾವಾಗ ಅಂತಲೂ ಕೇಳಿ. ಎಮೋಜಿ ಆಮೇಲೆ ಹಾಕಿದರಾಯ್ತು.