ಕರೆಂಟು ಹೋದಾಗ ಕಟ್ಟಡ ನೋಡಿ

ಅಮೀರ್‌ಪೇಟ್‌ಗೆ ಬಂದು ಇಪ್ಪತ್ತೆರಡು ವರ್ಷವಾಯ್ತು. ಈಗಿಲ್ಲಿ ಎತ್ತ ನೋಡಿದರೂ ಗಾಜಿನ ಕಟ್ಟಡ. ಮೇ ತಿಂಗಳಲ್ಲಿ ಕರೆಂಟು ಹೋದರೆ ಒಳಗಿದ್ದವರು ಬೆಂದುಹೋಗಬೇಕು. ಆಗೆಲ್ಲ ನನಗೆ ಚಾರ್ಲ್ಸ್ ಕೊರಿಯಾ (1930-2015) ನೆನಪಾಗುತ್ತಾರೆ. ಪಕ್ಕದ ಸಿಕಂದರಾಬಾದಿನಲ್ಲೇ ಹುಟ್ಟಿದವರು.

ಚೆಂದದ ಕಟ್ಟಡ ಒಂದನ್ನು ಯಾರಾದರೂ ಕಟ್ಟಿಯಾರು. ಈ ಬಿಸಿಲಲ್ಲಿ ಮನುಷ್ಯ ಹೇಗೆ ಬದುಕಬೇಕು ಅನ್ನೋ ಪ್ರಶ್ನೆಯನ್ನು ಬಡವನಿಗೂ ಸಾಹುಕಾರನಿಗೂ ಕಟ್ಟುವಾಗ ಬಿಡದೆ ಕೇಳಿಕೊಂಡರಲ್ಲ, ಅದಕ್ಕೇ ಅವರ ಜೀವಮಾನದ ಕೆಲಸ ದೊಡ್ಡದು. ಅರವತ್ತರ ದಶಕದಲ್ಲಿ ಅಹಮದಾಬಾದಿನ ಪುಟ್ಟ ‘ಟ್ಯೂಬ್ ಹೌಸ್’ನಲ್ಲಿ ಬಿಸಿಗಾಳಿ ಇಳಿಜಾರು ಸೂರಿನಗುಂಟ ಏರಿ ಮೇಲಿಂದ ಹೊರಹೋಗುತ್ತಿತ್ತು. 1983ರಲ್ಲಿ ಮುಗಿದ ಮುಂಬೈನ ಕಾಂಚನಜುಂಗಾ ಸಿರಿವಂತರದ್ದು. ಅಲ್ಲೂ ಎರಡಂತಸ್ತು ಎತ್ತರದ ಮೂಲೆ ಜಗಲಿಗಳು ಬಿಸಿಲು, ಮಳೆ ತಡೆಯುತ್ತವೆ. ನವಿ ಮುಂಬೈನ ಬೇಲಾಪುರದಲ್ಲಿ ಬಡವರ ಮನೆಗೂ ಸ್ವಂತ ಅಂಗಳ, ಮನೆ ಬೆಳೆಸಲು ಜಾಗ.

ಬೇಲಾಪುರದಲ್ಲಿ ಅನೇಕರು ಆ ಮನೆ ಕೆಡವಿ ಬೇರೆ ಕಟ್ಟಿಕೊಂಡರು, ಅದು ಸೋಲಲ್ಲವೇ ಅಂತೀರಾ? ನನಗೆ ಹಾಗನಿಸುವುದಿಲ್ಲ. ಇರುವವರು ಬದಲಿಸಿಕೊಳ್ಳಲು ಎಡೆಯಿಟ್ಟದ್ದೂ ದೊಡ್ಡತನವೇ.

ಊರಿನ ತೊಟ್ಟಿಮನೆ ಕೆಡವಿಸೋಣ ಅಂತ ತಮ್ಮ ಫೋನ್ ಮಾಡಿದ್ದ. ಕೆಡವಿಸೋ ಮಾರಾಯ, ಹೊಸ ಮನೆಗೂ ತೊಟ್ಟಿ ಇರಲಿ ಅಂದಿದ್ದೇನೆ.

ನೀವೇನಂತೀರಿ?